ಚೆಂಡನ್ನು ಒಳಗೆಸೆಯುವ ನಿಯಮವೂ ನಮ್ಮ ಬಾಲಿಕೆಯರೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ವಿದ್ಯೆ, ಶೀಲ, ಸೇವೆ ಮೊದಲಾದ ಘನವಾದ ವಿಷಯಗಳನ್ನು ಕುರಿತು ಹಿರಿಯರು ಬರೆಯುತ್ತಿರುವಾಗ, ನಾವು ಬಾಸ್ಕೆಟ್‌ಬಾಲ್ ಆಟದ ಒಂದು ಸಣ್ಣ ನಿಯಮವನ್ನು ಕೈಗೆತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೂ ವಾಚಕರು ಸ್ವಲ್ಪ ತಾಳ್ಮೆಯಿಂದ ಇದನ್ನು ಓದಬೇಕೆಂದು ಬೇಡಿಕೊಳ್ಳುತ್ತೇವೆ. ಈ ಶಾಲೆಯ ಅಂಗಳದಲ್ಲಿಯೇ ಚೆಂಡು ಹಿಡಿಯಲು ಕಲಿತು, ಮುಂದೆ ಅನೇಕ ವರ್ಷಗಳ ಕಾಲ ನಮ್ಮ ತಂಗಿಯರ ತಂಡದೊಡನೆ ಊರೂರು ಸುತ್ತಿದವರಾದ ನಮಗೆ, ಈ ಸಣ್ಣ ನಿಯಮದೊಳಗೆ ನಮ್ಮ ಹೆಣ್ಣುಮಕ್ಕಳ ಮಾನಕ್ಕೆ ಸಂಬಂಧಪಟ್ಟ ಮಾತೊಂದು ಅಡಗಿರುವಂತೆ ಕಾಣುತ್ತದೆ.

ಕೆಲವು ವರ್ಷಗಳ ಕೆಳಗೆ ಭಾಲ್ಕಿಯಲ್ಲಿ ಒಂದು ಪಂದ್ಯ ನಡೆಯಿತು. ಒಂದು ಕಡೆಗೆ ಬೀದರ ನಗರದ ನಮ್ಮ ಬಾಲಿಕೆಯರು. ಇನ್ನೊಂದು ಕಡೆಗೆ ಔರಾದ ತಾಲ್ಲೂಕಿನ ಒಂದು ಶಾಲೆಯ ಬಾಲಿಕೆಯರು. ಆಟ ಮುಗಿಯಲು ಅರ್ಧ ನಿಮಿಷವೂ ಉಳಿದಿರಲಿಲ್ಲ. ಔರಾದದವರು ಒಂದು ಅಂಕದಿಂದ ಮುಂದಿದ್ದರು. ಅಷ್ಟರಲ್ಲಿ ಚೆಂಡು ಅವರ ಕೈತಗುಲಿ ಪಕ್ಕದ ಗೆರೆಯಾಚೆ ಹೋಯಿತು. ಗೆರೆಯ ಹೊರಗೆ ನಿಂತು ಚೆಂಡನ್ನು ಒಳಗೆಸೆಯುವ ಸರದಿ ನಮ್ಮದಾಯಿತು. ಎಸೆಯಲು ನಿಂತ ನಮ್ಮ ಹುಡುಗಿಗೆ ಗೆಳತಿಯರಾರೂ ಬಿಡುವಾಗಿ ಕಾಣಲಿಲ್ಲ. ಅವಳು ಗೆರೆಯ ಗುಂಟ ಬಲಕ್ಕೆ ಮೂರು ಹೆಜ್ಜೆ ನಡೆದಳು. ನಾವು ಮನಸ್ಸಿನಲ್ಲಿಯೇ ಎಣಿಸುತ್ತಿದ್ದ ಲೆಕ್ಕ ಐದನ್ನು ದಾಟಿ ಏಳಕ್ಕೆ ಬಂದಿತ್ತು. ಆಗ ಅವಳು ಚೆಂಡನ್ನು ಎಸೆದಳು. ಹಿಡಿದವಳು ಅದನ್ನು ಬುಟ್ಟಿಗೆ ಹಾಕಿದಳು. ನಾವು ಒಂದು ಅಂಕದಿಂದ ಗೆದ್ದೆವು. ತೀರ್ಪುಗಾರರು ಎರಡು ಮಾರು ದೂರದಲ್ಲಿ ನಿಂತು ಎಲ್ಲವನ್ನೂ ಕಂಡಿದ್ದರು. ಸೀಟಿ ಅವರ ಬಾಯಲ್ಲಿಯೇ ಇತ್ತು.

ಔರಾದದ ಹುಡುಗಿಯರು ಜಗಳವಾಡಲಿಲ್ಲ. ಅವರ ನಾಯಕಿ ಮಾತ್ರ ತೀರ್ಪುಗಾರರ ಹತ್ತಿರ ಬಂದು, "ಸರ್, ಆಕಿ ನಡದಳಲ್ರೀ" ಎಂದಳು. ಅವರು ನಗುತ್ತಾ, "ಹೋಗ್ಲಿ ಬಿಡಮ್ಮ, ಹುಡುಗೇರ ಆಟ ಅದ" ಎಂದರು. ಆ ಮಗು ಒಂದು ಕ್ಷಣ ಸುಮ್ಮನಿದ್ದು, "ಹಂಗಾದ್ರ ನಮಗೂ ಮೊದಲೇ ಹೇಳಬೇಕಿತ್ರಿ, ನಾವೂ ನಡೀತಿದ್ದೆವು" ಎಂದು ಹೇಳಿ ಹೊರಟುಹೋದಳು. ನಮ್ಮ ಹುಡುಗಿಗೂ ತಾನು ನಡೆದದ್ದು ಗೊತ್ತಿತ್ತು. ಬೀದರಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಕಪ್ಪು ಕೈಯಿಂದ ಕೈಗೆ ಹೋಗುತ್ತಿದ್ದಾಗ ಅವಳು ಅದನ್ನು ಮುಟ್ಟಲಿಲ್ಲ. ಅಂದಿನಿಂದ ನಮ್ಮ ಮನಸ್ಸಿನಲ್ಲಿ ಕೊರೆಯುತ್ತಿರುವ ಮಾತನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಆಟವನ್ನು ಆಡದ ತಾಯಿತಂದೆಗಳಿಗಾಗಿ ಮೊದಲು ನಿಯಮವನ್ನು ತಿಳಿಸುವುದು ಒಳ್ಳೆಯದು. ಬಾಸ್ಕೆಟ್‌ಬಾಲ್ ಅಂಗಳವು ೨೮ ಮೀಟರು ಉದ್ದ, ೧೫ ಮೀಟರು ಅಗಲ. ಚೆಂಡು ಎಲ್ಲೆಯ ಗೆರೆಯನ್ನು ದಾಟಿ ಹೋದಾಗ, ಅಥವಾ ನಿಯಮಭಂಗವಾದಾಗ, ಒಬ್ಬ ಆಟಗಾರ್ತಿಯು ಗೆರೆಯ ಹೊರಗೆ ನಿಂತು ಚೆಂಡನ್ನು ಒಳಕ್ಕೆ ಎಸೆದು ಆಟವನ್ನು ಮತ್ತೆ ಆರಂಭಿಸಬೇಕು. ಇದಕ್ಕೆ ಥ್ರೋ-ಇನ್ ಎಂದು ಹೆಸರು. ಚೆಂಡು ಅವಳ ವಶಕ್ಕೆ ಬಂದ ಮೇಲೆ ೫ ಸೆಕೆಂಡುಗಳೊಳಗೆ ಅದನ್ನು ಕೈಬಿಡಬೇಕು. ಚೆಂಡು ಕೈಯಲ್ಲಿರುವಾಗ ಅಂಗಳದೊಳಕ್ಕೆ ಕಾಲಿಡಬಾರದು. ತೋರಿಸಿದ ಸ್ಥಳದಿಂದ ಎಡಕ್ಕಾಗಲಿ ಬಲಕ್ಕಾಗಲಿ ಒಟ್ಟು ೧ ಮೀಟರಿಗಿಂತ ಹೆಚ್ಚು ಸರಿಯಬಾರದು. ಎಸೆದ ಚೆಂಡು ಒಳಗಿರುವ ಯಾರನ್ನಾದರೂ ಮುಟ್ಟುವ ಮೊದಲೇ ಮತ್ತೆ ಹೊರಗೆ ಬೀಳಬಾರದು. ನೇರವಾಗಿ ಬುಟ್ಟಿಯೊಳಗೂ ಬೀಳಬಾರದು. ಇನ್ನೊಬ್ಬಳು ಮುಟ್ಟುವ ಮೊದಲು ಎಸೆದವಳೇ ಒಳಗೆ ಬಂದು ಅದನ್ನು ಮುಟ್ಟಬಾರದು. ಇವುಗಳಲ್ಲಿ ಯಾವುದನ್ನು ಮೀರಿದರೂ ದಂಡವೊಂದೇ: ಅದೇ ಸ್ಥಳದಿಂದ ಎಸೆಯುವ ಹಕ್ಕು ಎದುರು ಪಕ್ಷಕ್ಕೆ ಹೋಗುತ್ತದೆ.

ಒಳಗೆ ನಿಂತು ಕಾಯುವವರಿಗೂ ಕಟ್ಟುಗಳುಂಟು. ಚೆಂಡು ಗೆರೆಯನ್ನು ದಾಟಿ ಬರುವ ಮೊದಲು ಅವರ ಕೈಯಾಗಲಿ ಕಾಲಾಗಲಿ ಗೆರೆಯ ಮೇಲಿಂದ ಹೊರಕ್ಕೆ ಚಾಚಬಾರದು. ಗೆರೆಯ ಆಚೆಗೆ ಗೋಡೆಯೋ ಮರವೋ ಇದ್ದು ೨ ಮೀಟರಿನಷ್ಟು ಬಯಲು ಇಲ್ಲದಿದ್ದರೆ, ಎಸೆಯುವವಳಿಂದ ೧ ಮೀಟರು ದೂರ ನಿಲ್ಲಬೇಕು. ಮೊದಲ ಸಲ ತಪ್ಪಿದರೆ ತೀರ್ಪುಗಾರರು ಆಟ ನಿಲ್ಲಿಸಿ ಎಚ್ಚರಿಕೆ ಕೊಡುತ್ತಾರೆ; ಆ ಎಚ್ಚರಿಕೆಯು ಇಡೀ ತಂಡಕ್ಕೆ, ಆಟ ಮುಗಿಯುವವರೆಗೆ ಸಲ್ಲುತ್ತದೆ. ನಾಲ್ಕನೆಯ ಭಾಗದ ಕೊನೆಯ ೨ ನಿಮಿಷಗಳಲ್ಲಿ ಮಾತ್ರ, ಚೆಂಡನ್ನು ಕೊಡುವಾಗಲೇ ಕೈಸನ್ನೆಯಿಂದ ಎಚ್ಚರಿಸಿ, ಆಮೇಲೂ ಮೀರಿದವರಿಗೆ ಟೆಕ್ನಿಕಲ್ ಫೌಲು ಕೊಡಬೇಕೆಂದು ಈಗಿನ ಅಂತರರಾಷ್ಟ್ರೀಯ ನಿಯಮವು ವಿಧಿಸುತ್ತದೆ.

ಈ ಐದು ಸೆಕೆಂಡಿನ ಲೆಕ್ಕವು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ೧೮೯೧ರ ಡಿಸೆಂಬರಿನಲ್ಲಿ ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ಕೆನಡಾ ದೇಶದವರಾದ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಚಳಿಗಾಲದಲ್ಲಿ ಒಳಗೇ ಆಡಬಹುದಾದ ಆಟವೊಂದನ್ನು ಕಲ್ಪಿಸಿ, ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿ, ೧೩ ನಿಯಮಗಳನ್ನು ಬರೆದು ಹಚ್ಚಿದರು. ಅವುಗಳಲ್ಲಿ ಒಂಬತ್ತನೆಯದು ಈ ಒಳಗೆಸೆತದ ನಿಯಮವೇ ಆಗಿತ್ತು. ಎಸೆಯುವವನಿಗೆ ೫ ಸೆಕೆಂಡುಗಳ ಕಾಲವನ್ನು ಅಂದೇ ಗೊತ್ತುಮಾಡಿದ್ದರು. ಆದರೆ ಆಗಿನ ಕಾಲದಲ್ಲಿ ಹೊರಗೆ ಹೋದ ಚೆಂಡನ್ನು ಮೊದಲು ಮುಟ್ಟಿದವನಿಗೇ ಎಸೆಯುವ ಹಕ್ಕು ಇದ್ದುದರಿಂದ, ಚೆಂಡು ಗೆರೆ ದಾಟಿದೊಡನೆ ಎರಡೂ ಪಕ್ಷದವರು ಅದರ ಮೇಲೆ ಬಿದ್ದು ನೂಕಾಡುತ್ತಿದ್ದರು. ಬಲವುಳ್ಳವನಿಗೆ ಚೆಂಡು, ಬಡವನಿಗೆ ಪೆಟ್ಟು ಎಂಬಂತಾಗಿತ್ತು. ಈ ಅನ್ಯಾಯವನ್ನು ತಪ್ಪಿಸುವುದಕ್ಕಾಗಿಯೇ, ಕೊನೆಗೆ ಯಾರು ಮುಟ್ಟಿ ಚೆಂಡು ಹೊರಗೆ ಹೋಯಿತೋ ಅವರ ಎದುರಾಳಿಗಳಿಗೆ ಅದನ್ನು ಕೊಡುವ ಪದ್ಧತಿಯು ೧೯೧೩ರಲ್ಲಿ ಬಂದಿತು. ಹೀಗೆ ಒಳಗೆಸೆತದ ನಿಯಮವು ಹುಟ್ಟಿದಾಗಿನಿಂದಲೂ ತೋಳ್ಬಲಕ್ಕೆ ಕಡಿವಾಣ ಹಾಕುತ್ತಾ ಬಂದ ನಿಯಮವಾಗಿದೆ.

ಈಗ ಎಸೆಯಲು ನಿಂತವಳ ಸ್ಥಿತಿಯನ್ನು ವಿಚಾರಿಸೋಣ. ಅಂಗಳದೊಳಗಿನ ಪ್ರತಿಯೊಬ್ಬಳ ಕೈಯಿಂದಲೂ ಚೆಂಡನ್ನು ಕಸಿದುಕೊಳ್ಳಲು ಎದುರು ಪಕ್ಷದವರಿಗೆ ಹಕ್ಕುಂಟು. ಗೆರೆಯ ಹೊರಗೆ ನಿಂತವಳನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಅವಳ ಕೈಯ ಚೆಂಡಿಗೆ ಕೈ ಹಾಕುವಂತಿಲ್ಲ. ಹತ್ತು ಮಂದಿಯಲ್ಲಿ ಒಬ್ಬಳಿಗೆ ಮಾತ್ರ, ಕೆಲವೇ ಕ್ಷಣಗಳವರೆಗೆ ದೊರೆಯುವ ಈ ರಕ್ಷಣೆಯು ಬಹು ದೊಡ್ಡದು. ಅದಕ್ಕೆ ಪ್ರತಿಯಾಗಿ ನಿಯಮವು ಅವಳಿಂದ ಕೇಳುವುದು ಇಷ್ಟೇ: ಬೇಗ ಎಸೆ, ನಿಂತಲ್ಲಿ ನಿಲ್ಲು, ಒಳಗೆ ಕಾಲಿಡಬೇಡ. ಆ ಮೂರನ್ನೂ ಸಡಿಲಿಸಿ ರಕ್ಷಣೆಯನ್ನು ಮಾತ್ರ ಉಳಿಸಿದರೆ, ಗೆರೆಯನ್ನು ಗೌರವಿಸಿ ಒಳಗೆ ನಿಂತ ಐವರ ಕೈಯನ್ನು ಕಟ್ಟಿಹಾಕಿದಂತಾಗುತ್ತದೆ. ಭಾಲ್ಕಿಯ ಪೇಟೆಯಲ್ಲಿ ತೊಗರಿ ತೂಗುವವನು ಕೊಳ್ಳುವವನ ಮೇಲಣ ದಯೆಯಿಂದ ತಕ್ಕಡಿಯನ್ನು ಒಂದಿಷ್ಟು ಆ ಕಡೆಗೆ ವಾಲಿಸಿದರೆ, ಆ ದಯೆಯ ಬೆಲೆಯನ್ನು ತೆರುವವನು ಮಾರುವ ಒಕ್ಕಲಿಗನಲ್ಲದೆ ತೂಗುವವನಲ್ಲವಷ್ಟೆ. ಅಂದು ಭಾಲ್ಕಿಯ ಅಂಗಳದಲ್ಲಿ ನಡೆದದ್ದೂ ಇದೇ.

ನಮ್ಮ ಕಡೆಯ ಪಂದ್ಯಗಳಲ್ಲಿ ಈ ನಿಯಮವನ್ನು ನಡೆಯಿಸುವಾಗ ಮೂರು ಬಗೆಯ ದೋಷಗಳು ಕಾಣುತ್ತವೆ. ಮೊದಲನೆಯದು ಹುಡುಗಿಯರೆಂಬ ಕಾರಣದಿಂದ ಬಿಟ್ಟುಕೊಡುವುದು. ಇದೇ ತೀರ್ಪುಗಾರರು ಗಂಡುಹುಡುಗರ ಆಟದಲ್ಲಿ ಐದನೆಯ ಸೆಕೆಂಡಿಗೆ ಸೀಟಿ ಊದುವುದನ್ನು ನಾವು ಕಂಡಿದ್ದೇವೆ. ಹುಡುಗಿಯರ ಪಂದ್ಯದಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಕನಿಕರ ಹುಟ್ಟುತ್ತದೆ. ಆ ಕನಿಕರದ ಒಳಗನ್ನು ಬಿಚ್ಚಿ ನೋಡಿದರೆ, "ಇವರ ಸೋಲುಗೆಲುವು ಲೆಕ್ಕಕ್ಕೆ ತೆಗೆದುಕೊಳ್ಳುವಂಥದ್ದಲ್ಲ" ಎಂಬ ಭಾವನೆಯು ಕುಳಿತಿರುತ್ತದೆ. ಲೆಕ್ಕಕ್ಕೆ ಬಾರದವರಿಗೆ ತೋರುವ ದಯೆಯನ್ನು ನಮ್ಮ ಮಕ್ಕಳು ಬೇಡಿಕೊಂಡಿಲ್ಲ.

ಎರಡನೆಯ ದೋಷವು ಒಂದೇ ಆಟದಲ್ಲಿ ಎರಡು ಅಳತೆಗಳನ್ನು ಹಿಡಿಯುವುದು. ಮೊದಲ ಮೂರು ಭಾಗಗಳಲ್ಲಿ ಕಾಲು ಸರಿದರೂ ಕಾಲ ಮೀರಿದರೂ ಸುಮ್ಮನಿದ್ದು, ಕೊನೆಯ ನಿಮಿಷದಲ್ಲಿ ಒಮ್ಮೆಲೇ ಕಟ್ಟುನಿಟ್ಟಾಗುವವರುಂಟು. ಅದಕ್ಕೆ ವಿರುದ್ಧವಾಗಿ, ಮೊದಲೆಲ್ಲ ಸರಿಯಾಗಿ ನಡೆಯಿಸಿ, ಕೊನೆಯಲ್ಲಿ ಜನರ ಕೂಗಿಗೆ ಅಂಜಿ ಸೀಟಿಯನ್ನು ನುಂಗುವವರೂ ಉಂಟು. ಮೊದಲನೆಯವರು ಮೂವತ್ತು ನಿಮಿಷ ತಪ್ಪನ್ನು ಕಲಿಸಿ ಕೊನೆಗೆ ಅದಕ್ಕೇ ಶಿಕ್ಷೆ ಕೊಡುತ್ತಾರೆ. ಎರಡನೆಯವರು ಮೂವತ್ತು ನಿಮಿಷ ಕಲಿಸಿದ ಒಳ್ಳೆಯದನ್ನು ಕೊನೆಗೆ ತಾವೇ ಅಳಿಸುತ್ತಾರೆ. ಐದು ಸೆಕೆಂಡು ಮೊದಲ ನಿಮಿಷದಲ್ಲಿಯೂ ಐದೇ, ಕೊನೆಯ ನಿಮಿಷದಲ್ಲಿಯೂ ಐದೇ.

ಮೂರನೆಯ ದೋಷವು ನಿಯಮವನ್ನು ಪೂರ್ತಿಯಾಗಿ ಓದದೆ, ತಪ್ಪಲ್ಲದ್ದನ್ನು ತಪ್ಪೆಂದು ಹಿಡಿಯುವುದು. ಎಸೆಯುವವಳ ಬೂಟಿನ ತುದಿ ಗೆರೆಯನ್ನು ಮುಟ್ಟಿದೊಡನೆ ಸೀಟಿ ಊದುವುದನ್ನು ಅನೇಕ ಸಲ ಕಂಡಿದ್ದೇವೆ. ಅಂಗಳದ ಅಳತೆಯು ಗೆರೆಯ ಒಳ ಅಂಚಿನಿಂದ ಆರಂಭವಾಗುತ್ತದೆ. ೫ ಸೆಂಟಿಮೀಟರು ಅಗಲದ ಆ ಗೆರೆಯು ಹೊರಗಿಗೇ ಸೇರಿದ್ದು. ಗೆರೆಯನ್ನು ದಾಟಿ ಒಳಗಿನ ನೆಲವನ್ನು ಮುಟ್ಟಿದರೆ ಮಾತ್ರ ನಿಯಮಭಂಗ. ಹಾಗೆಯೇ ಎಸೆಯುವವಳು ನೇರವಾಗಿ ಹಿಂದಕ್ಕೆ ಹೋಗುವುದಕ್ಕೆ ತಡೆಯಿಲ್ಲ, ಸ್ಥಳವಿದ್ದಷ್ಟೂ ಹೋಗಬಹುದು. ಎದುರು ಪಕ್ಷದವರು ಬುಟ್ಟಿಗೆ ಹಾಕಿದ ಮೇಲೆ ಕೊನೆಯ ಗೆರೆಯ ಹಿಂದಿನಿಂದ ಎಸೆಯುವಾಗಲಂತೂ ಆ ಗೆರೆಯ ಗುಂಟ ಎಡಕ್ಕೂ ಬಲಕ್ಕೂ ಬೇಕಾದಂತೆ ಓಡಬಹುದು. ಗೆರೆಯ ಹಿಂದೆಯೇ ನಿಂತಿರುವ ಗೆಳತಿಗೆ ಚೆಂಡನ್ನು ದಾಟಿಸಲೂಬಹುದು. ಆಗ ಉಳಿಯುವುದು ಐದು ಸೆಕೆಂಡಿನ ಕಟ್ಟು ಮಾತ್ರ. ಇದನ್ನರಿಯದೆ "ಓಡಿದಳು, ಓಡಿದಳು" ಎಂದು ಕೂಗಿಕೊಳ್ಳುವ ಪ್ರೇಕ್ಷಕರೂ, ಆ ಕೂಗಿಗೆ ಸೀಟಿ ಊದುವ ತೀರ್ಪುಗಾರರೂ ಇಬ್ಬರೂ ಆಟಕ್ಕೆ ಕೇಡು ಮಾಡುತ್ತಾರೆ.

ನಮ್ಮ ಜಿಲ್ಲೆಯ ಮೈದಾನಗಳ ಸ್ಥಿತಿಯನ್ನು ನಾವು ಮರೆತಿಲ್ಲ. ಬೀದರವು ಕೆಂಪು ಜಂಬಿಟ್ಟಿಗೆಯ ನೆಲದ ಮೇಲೆ ಕುಳಿತ ಊರು. ಬಿಸಿಲುಗಾಲದಲ್ಲಿ ಅಲ್ಲಿ ಹಾಕಿದ ಸುಣ್ಣದ ಗೆರೆಯು ಎರಡನೆಯ ಪಂದ್ಯ ಮುಗಿಯುವುದರೊಳಗೆ ಕೆಂಪು ಧೂಳಿನಲ್ಲಿ ಕಲಸಿಹೋಗುತ್ತದೆ. ಭಾಲ್ಕಿ, ಔರಾದಗಳ ಎರೆಯ ಭೂಮಿಯು ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರಿದು ಗೆರೆಯನ್ನೇ ಎರಡಾಗಿ ಸೀಳುತ್ತದೆ. ಅನೇಕ ಶಾಲೆಗಳಲ್ಲಿ ಪಕ್ಕದ ಗೆರೆಗೆ ತಾಗಿಯೇ ಆವರಣದ ಗೋಡೆಯಿದೆ, ಇಲ್ಲವೆ ಬೇವಿನ ಮರವಿದೆ. ಇಂಥ ಕಡೆ ನಿಯಮವನ್ನು ಹಿಡಿಯುವುದು ಹೇಗೆಂದು ಕೇಳುವವರಿಗೆ ಎರಡು ಮಾತು ಹೇಳುತ್ತೇವೆ. ೧೯೩೬ರಲ್ಲಿ ಬರ್ಲಿನ್ ನಗರದ ಒಲಿಂಪಿಕ್ ಕೂಟದಲ್ಲಿ ಈ ಆಟವನ್ನು ಪದಕದ ಆಟವಾಗಿ ಮೊದಲ ಸಲ ಸೇರಿಸಿದಾಗ ಅದನ್ನು ಬಯಲಿನ ಮಣ್ಣಿನ ಅಂಗಳದಲ್ಲಿಯೇ ಆಡಿದರು. ಅಂತಿಮ ಪಂದ್ಯವು ಮಳೆಯಲ್ಲಿ, ಕೆಸರಿನಲ್ಲಿ ನಡೆದು ಅಮೇರಿಕದವರು ಕೆನಡಾದವರನ್ನು ೧೯–೮ರಿಂದ ಸೋಲಿಸಿದರು. ಮಣ್ಣಿನ ಅಂಗಳವೆಂದು ನಿಯಮವು ಮಣ್ಣುಪಾಲಾಗಲಿಲ್ಲ. ಎರಡನೆಯ ಮಾತೆಂದರೆ, ಗೋಡೆಮರಗಳ ಅಡಚಣೆಯನ್ನು ನಿಯಮವೇ ಮುಂಗಂಡು, ಒಂದು ಮೀಟರಿನ ಬಿಡುವನ್ನು ಕೊಟ್ಟಿದೆ. ಅದನ್ನು ನಡೆಯಿಸಿದರೆ ಸಾಕು. ಬೇರೆ ವಿನಾಯಿತಿ ಬೇಕಾಗಿಲ್ಲ.

ಇಲ್ಲಿ ನಮ್ಮ ಹಳೆಯ ಉಪಾಧ್ಯಾಯಿನಿಯರಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. "ಹಳ್ಳಿಯಿಂದ ಮೊದಲ ಸಲ ಪಂದ್ಯಕ್ಕೆ ಬಂದ ಮಗುವು ಜನರನ್ನು ಕಂಡು ಹೆದರಿರುತ್ತದೆ. ಅದರ ಕೈಗೆ ಚೆಂಡು ಬಂದೊಡನೆ ಸೀಟಿ ಊದಿದರೆ ಅದು ಮತ್ತೆ ಮೈದಾನಕ್ಕೆ ಬಂದೀತೇ?" ಎಂಬುದೇ ಆ ಆಕ್ಷೇಪ. ಇದು ತಳ್ಳಿಹಾಕತಕ್ಕ ಮಾತಲ್ಲ. ನಾವೂ ಅಂಥ ಮಗುವಾಗಿಯೇ ಮೊದಲ ಪಂದ್ಯಕ್ಕೆ ಹೋದವರು. ಆದರೆ ಆ ಮಗುವಿಗೆ ದಯೆ ತೋರಿಸತಕ್ಕ ವೇಳೆಯು ಪಂದ್ಯದ ಮುಂಚಿನ ಹತ್ತು ನಿಮಿಷ. ಆಗ ಎರಡೂ ತಂಡಗಳನ್ನು ಗೆರೆಯ ಹತ್ತಿರ ಕರೆದು, ಒಂದು ಮೀಟರು ಎಂದರೆ ಎಷ್ಟು ಎಂಬುದನ್ನು ನೆಲದ ಮೇಲೆ ತೋರಿಸಿ, ಐದು ಸೆಕೆಂಡನ್ನು ಒಮ್ಮೆ ಗಟ್ಟಿಯಾಗಿ ಎಣಿಸಿ ಕೇಳಿಸಿದರೆ, ಸೀಟಿಯ ಹೆದರಿಕೆ ಅರ್ಧಕ್ಕರ್ಧ ಹೋಗುತ್ತದೆ. ಆಟ ಆರಂಭವಾದ ಮೇಲೆ ಹತ್ತು ಮಕ್ಕಳಿಗೂ ಒಂದೇ ನಿಯಮ. ಅದೂ ಅಲ್ಲದೆ, ಈ ನಿಯಮಭಂಗಕ್ಕೆ ಫೌಲು ಬರೆಯುವುದಿಲ್ಲ, ಅಂಕ ಕಳೆಯುವುದಿಲ್ಲ, ಹೆಸರು ಕೆಡುವುದಿಲ್ಲ. ಚೆಂಡು ಒಮ್ಮೆ ಆಚೆಯವರಿಗೆ ಹೋಗುತ್ತದೆ, ಅಷ್ಟೆ. ನಿಯಮವೇ ಇಷ್ಟು ಮೆತ್ತಗಿರುವಾಗ ತೀರ್ಪುಗಾರರು ತಮ್ಮ ಕೈಯಿಂದ ಇನ್ನಷ್ಟು ದಯೆಯನ್ನು ಸೇರಿಸುವುದು ಅನಾವಶ್ಯಕ.

ನಮ್ಮ ಊರಿನ ಆಟಗಳನ್ನೇ ನೋಡಿರಿ. ಖೋ-ಖೋ ಆಟದಲ್ಲಿ ಅಟ್ಟಿಸಿಕೊಂಡು ಹೋಗುವವಳು ಕುಳಿತವರ ನಡುವಿನಿಂದ ನಡುಗೆರೆಯನ್ನು ದಾಟಿದರೆ, ಮೈದಾನದ ಕಟ್ಟೆಯ ಮೇಲೆ ಕುಳಿತ ಅಜ್ಜಿಯರೂ "ತಪ್ಪು" ಎಂದು ಕೂಗುತ್ತಾರೆ. ಕಬಡ್ಡಿಯಲ್ಲಿ ದಮ್ಮು ಮುರಿದವಳನ್ನು "ಹುಡುಗಿ, ಪಾಪ" ಎಂದು ಯಾರೂ ಬಿಡುವುದಿಲ್ಲ. ತಾವು ಆಡಿ ಬೆಳೆದ ಆಟದ ಗೆರೆಯನ್ನು ನಮ್ಮ ಜನರು ಬಲ್ಲರು, ಗೌರವಿಸುತ್ತಾರೆ. ಬಾಸ್ಕೆಟ್‌ಬಾಲ್ ಹೊರಗಿನಿಂದ ಬಂದ ಆಟವಾದ್ದರಿಂದ ಅದರ ಗೆರೆಯ ಪರಿಚಯವು ಇನ್ನೂ ಆಗಿಲ್ಲವೆಂಬುದೇ ನಿಜವಾದ ಕೊರತೆ. ಪರಿಚಯ ಮಾಡಿಕೊಡುವುದು ನಮ್ಮಂಥವರ ಕೆಲಸ.

ಹೆಣ್ಣುಮಕ್ಕಳಿಗಾಗಿ ನಿಯಮವನ್ನು ಮೆತ್ತಗೆ ಮಾಡುವ ವಾಡಿಕೆಯು ಈ ಆಟದಷ್ಟೇ ಹಳೆಯದು. ನೈಸ್ಮಿತ್ ಅವರು ಆಟವನ್ನು ಕಲ್ಪಿಸಿದ ಮರುವರ್ಷವೇ, ೧೮೯೨ರಲ್ಲಿ, ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯು ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಹೆಂಗಸರು ಆಡುವುದೇ ತಪ್ಪೆಂದು ಜನರು ತಿಳಿದಿದ್ದ ಆ ಕಾಲದಲ್ಲಿ ಅವರು ಮಾಡಿದ ಉಪಕಾರವು ಸಾಮಾನ್ಯವಲ್ಲ. ಆದರೆ ಆಯಾಸವಾಗದಂತೆ ಅಂಗಳವನ್ನು ಮೂರು ಭಾಗ ಮಾಡಿ, ಒಂದು ಭಾಗದವಳು ಇನ್ನೊಂದಕ್ಕೆ ಹೋಗಬಾರದೆಂದು ವಿಧಿಸಿದರು. ಎದುರಾಳಿಯ ಕೈಯಿಂದ ಚೆಂಡು ಕಸಿಯುವುದನ್ನೂ ನಿಷೇಧಿಸಿದರು. ಒಮ್ಮೆ ಮೆತ್ತಗಾದ ನಿಯಮವು ಮತ್ತೆ ಗಟ್ಟಿಯಾಗಲು ಎಷ್ಟು ಕಾಲ ಹಿಡಿಯಿತೆಂದರೆ, ಅಮೇರಿಕದ ಅಯೋವಾ ಪ್ರಾಂತದ ಹೈಸ್ಕೂಲುಗಳಲ್ಲಿ ಅಂಗಳವನ್ನು ಎರಡಾಗಿ ಹಂಚಿ ಪಕ್ಷಕ್ಕೆ ಆರು ಹುಡುಗಿಯರು ಆಡುವ ಪದ್ಧತಿಯು ೧೯೯೩ರವರೆಗೂ ಉಳಿದಿತ್ತು. ೧೯೭೬ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಸ್ತ್ರೀಯರ ಬಾಸ್ಕೆಟ್‌ಬಾಲಿಗೆ ಸ್ಥಾನ ದೊರೆಯಿತು. ಇಂದಿನ ಅಂತರರಾಷ್ಟ್ರೀಯ ನಿಯಮಪುಸ್ತಕವು ಸ್ತ್ರೀಪುರುಷರಿಬ್ಬರಿಗೂ ಒಂದೇ. ಪುರುಷರು ಏಳನೆಯ ಅಳತೆಯ ಚೆಂಡಿನಿಂದಲೂ ಸ್ತ್ರೀಯರು ಅದಕ್ಕಿಂತ ಸ್ವಲ್ಪ ಚಿಕ್ಕದಾದ ಆರನೆಯ ಅಳತೆಯ ಚೆಂಡಿನಿಂದಲೂ ಆಡುತ್ತಾರೆ. ಗೆರೆಯೂ ಐದು ಸೆಕೆಂಡೂ ಬದಲಾಗುವುದಿಲ್ಲ. ೨೦೧೭ರಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣದಲ್ಲಿ ಏಷ್ಯಾದ ಸ್ತ್ರೀಯರ ಪಂದ್ಯಾವಳಿ ನಡೆದು, ಭಾರತದ ತಂಡವು ಎರಡನೆಯ ವಿಭಾಗದಲ್ಲಿ ಗೆದ್ದು ಮೊದಲ ವಿಭಾಗಕ್ಕೆ ಏರಿದಾಗ, ಆ ಹೆಣ್ಣುಮಕ್ಕಳು ಗೆದ್ದದ್ದು ಈ ಪೂರ್ತಿಯಾದ ನಿಯಮದ ಕೆಳಗೆ. ಅಂಥ ಕಡೆಗೆ ನಮ್ಮ ಜಿಲ್ಲೆಯ ಹುಡುಗಿಯೊಬ್ಬಳು ಮುಂದೆ ಹೋಗಬೇಕಾದರೆ, ಇಲ್ಲಿ ಏಳು ಸೆಕೆಂಡಿನ ರೂಢಿಯನ್ನು ಮಾಡಿಸಿ ಕಳುಹಿಸುವುದು ಅವಳಿಗೆ ಮಾಡಿದ ಉಪಕಾರವಾದೀತೇ?

ಒಳಗೆಸೆತದ ವೇಳೆಯಲ್ಲಿ ತೀರ್ಪುಗಾರರ ಒಂದು ಕೈಸನ್ನೆಗೆ ಎಷ್ಟು ತೂಕವಿದೆ ಎಂಬುದಕ್ಕೆ ೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನ ಪುರುಷರ ಅಂತಿಮ ಪಂದ್ಯವೇ ಸಾಕ್ಷಿ. ಮೂರು ಸೆಕೆಂಡು ಉಳಿದಿರುವಾಗ ಅಮೇರಿಕದವರು ೫೦–೪೯ರಿಂದ ಮುಂದಿದ್ದರು. ಸೋವಿಯತ್ ತಂಡದವರ ಒಳಗೆಸೆತವು ಗಡಿಯಾರದ ಗೊಂದಲದಿಂದ ಮೂರು ಸಲ ನಡೆಯಿತು. ಮೂರನೆಯ ಸಲ, ಎಸೆಯಲು ನಿಂತಿದ್ದ ಇವಾನ್ ಎಡೆಷ್ಕೋ ಅವರ ಎದುರಿಗೆ ಕೈಯೆತ್ತಿ ನಿಂತಿದ್ದ ಎತ್ತರದ ಆಳು ಟಾಮ್ ಮ್ಯಾಕ್‌ಮಿಲನ್ ಅವರತ್ತ ತೀರ್ಪುಗಾರರೊಬ್ಬರು ಕೈಸನ್ನೆ ಮಾಡಿದರು. ಗೆರೆಯಿಂದ ಹಿಂದೆ ಸರಿಯಬೇಕೆಂದು ಹೇಳುತ್ತಿದ್ದಾರೆಂದು ಭಾವಿಸಿ ಅವರು ಸರಿದು ನಿಂತರು. ಎದುರು ಬಯಲಾಯಿತು. ಎಡೆಷ್ಕೋ ಅಂಗಳದ ಈ ತುದಿಯಿಂದ ಆ ತುದಿಗೆ ಚೆಂಡನ್ನು ಎಸೆದರು. ಅಲೆಕ್ಸಾಂಡರ್ ಬೆಲೋವ್ ಅದನ್ನು ಹಿಡಿದು ಬುಟ್ಟಿಗೆ ಹಾಕಿದರು. ೫೧–೫೦ರಿಂದ ಸೋವಿಯತ್ ತಂಡ ಗೆದ್ದಿತು. ಅಮೇರಿಕದ ಆಟಗಾರರು ತಮ್ಮ ಬೆಳ್ಳಿಯ ಪದಕಗಳನ್ನು ತೆಗೆದುಕೊಳ್ಳಲಿಲ್ಲ. ಯಾರದು ಸರಿ ಯಾರದು ತಪ್ಪು ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಅರ್ಥ ಸ್ಪಷ್ಟವಾಗದ ಒಂದು ಸನ್ನೆಯಿಂದ ಅಷ್ಟು ದೊಡ್ಡ ಕೂಟದಲ್ಲಿಯೇ ಅಷ್ಟು ಕಹಿ ಉಳಿಯಿತೆಂದರೆ, ತೀರ್ಪುಗಾರರ ಸನ್ನೆಯು ನಿಸ್ಸಂದೇಹವಾಗಿರಬೇಕೆಂಬ ಪಾಠವನ್ನು ಮಾತ್ರ ನಾವು ಕಲಿಯೋಣ.

ಈ ಪಾಠವು ನಮ್ಮ ಜಿಲ್ಲೆಗೆ ವಿಶೇಷವಾಗಿ ಬೇಕು. ೧೯೫೬ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದ ಬೀದರ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಭಾಷೆಗಳು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಔರಾದದ ತಂಡದಲ್ಲಿ ಮನೆಯಲ್ಲಿ ಮರಾಠಿ ಆಡುವ ಹುಡುಗಿಯರಿರುವುದು ಸಾಮಾನ್ಯ. ಬೀದರದ ತಂಡದಲ್ಲಿ ಉರ್ದು ಆಡುವವರಿರುತ್ತಾರೆ. ತೀರ್ಪುಗಾರರು ಒಂದು ಭಾಷೆಯಲ್ಲಿ ಗೊಣಗಿದರೆ ಅರ್ಧ ಮಂದಿಗೆ ತಿಳಿಯುವುದಿಲ್ಲ. ತಿಳಿಯದವರಿಗೆ ಅದು ಪಕ್ಷಪಾತವಾಗಿ ಕಾಣುತ್ತದೆ. ಕೈಸನ್ನೆಗೆ ಭಾಷೆಯಿಲ್ಲ. ಅಂಗೈಯನ್ನು ಆಡಿಸುತ್ತಾ ಎಲ್ಲರಿಗೂ ಕಾಣುವಂತೆ ಸೆಕೆಂಡುಗಳನ್ನು ಎಣಿಸಿ, ಮೀರಿದಾಗ ಸೀಟಿ ಊದಿ, ಐದು ಬೆರಳು ತೋರಿಸಿ, ಚೆಂಡು ಯಾವ ಕಡೆಗೆ ಎಂಬುದನ್ನು ಬೆರಳು ಮಾಡಿ ತೋರಿಸಿದರೆ, ಎಲ್ಲ ಭಾಷೆಯ ಮಕ್ಕಳಿಗೂ ಏಕಕಾಲಕ್ಕೆ ನ್ಯಾಯವು ತಿಳಿಯುತ್ತದೆ.

ಒಳ್ಳೆಯ ತೀರ್ಪುಗಾರರು ಮಾಡಬೇಕಾದ ಕೆಲಸವು ಕಷ್ಟವಾದುದಲ್ಲ. ಎಸೆಯುವ ಸ್ಥಳವನ್ನು ಬೆರಳಿನಿಂದ ಖಚಿತವಾಗಿ ತೋರಿಸಬೇಕು. ಸ್ಥಳವನ್ನೇ ತೋರಿಸದಿದ್ದರೆ ಅಲ್ಲಿಂದ ಒಂದು ಮೀಟರು ಸರಿದಳೆಂದು ಹೇಳುವುದು ಹೇಗೆ? ಒಳಗಿನವರು ಗೆರೆಯಿಂದ ಸರಿಯಾಗಿ ನಿಂತಿದ್ದಾರೆಯೇ ಎಂದು ನೋಡಿಕೊಂಡು, ಆಮೇಲೆ ಚೆಂಡನ್ನು ಎಸೆಯುವವಳಿಗೆ ಒಪ್ಪಿಸಬೇಕು. ಅದು ಅವಳ ವಶವಾದ ಕ್ಷಣದಿಂದ ಲೆಕ್ಕ ಹಿಡಿಯಬೇಕು. ಎಸೆಯುವವಳ ಕಾಲುಗಳೂ, ಅವಳನ್ನು ತಡೆಯುವವಳ ಕೈಗಳೂ ಒಂದೇ ನೋಟಕ್ಕೆ ಬೀಳುವಂತೆ ನಿಲ್ಲಬೇಕು. ತಪ್ಪಾದರೆ ಆಗಲೇ ಹೇಳಬೇಕು, ಬೈಯದೆ ಹೇಳಬೇಕು, ಹೇಳಿದ ಮೇಲೆ ಜನರ ಮುಖ ನೋಡಬಾರದು.

ಈಗ ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಒಂದು ವಿಜ್ಞಾಪನೆ. ನಮ್ಮ ಮಕ್ಕಳ ಪಂದ್ಯಗಳಲ್ಲಿ ಸೀಟಿ ಹಿಡಿದವರು ಬಹುಮಟ್ಟಿಗೆ ಗಂಡಸರೇ. ಅವರಲ್ಲಿ ನ್ಯಾಯವಂತರು ಅನೇಕರುಂಟು; ಅವರಿಗೆ ನಾವು ಋಣಿಗಳು. ಆದರೆ ಗೆರೆಯ ಹೊರಗೆ ನಿಂತು, ಎದೆ ಹೊಡೆದುಕೊಳ್ಳುತ್ತಿರುವಾಗ ಚೆಂಡು ಹಿಡಿದ ಅನುಭವವುಳ್ಳ ಹೆಣ್ಣುಮಕ್ಕಳು ನಮ್ಮಲ್ಲಿ ಇಷ್ಟು ಮಂದಿ ಇರುವಾಗ, ಮದುವೆಯಾದೊಡನೆ ಅಥವಾ ಕೆಲಸಕ್ಕೆ ಸೇರಿದೊಡನೆ ಮೈದಾನಕ್ಕೆ ಬೆನ್ನು ತಿರುಗಿಸುವುದೇಕೆ? ಓಡುವ ಕಾಲು ಸೋತರೂ ಎಣಿಸುವ ಬುದ್ಧಿ ಸೋಲುವುದಿಲ್ಲ. ನಿಯಮಪುಸ್ತಕವನ್ನು ಓದಿ, ತೀರ್ಪುಗಾರರ ಪರೀಕ್ಷೆಗೆ ಕುಳಿತು, ಆರಂಭಕ್ಕೆ ಶಾಲೆಯ ಒಳಪಂದ್ಯಗಳಲ್ಲಿಯಾದರೂ ಸೀಟಿ ಹಿಡಿಯಿರಿ. ಅದೂ ಆಗದಿದ್ದರೆ ಅಂಕಗಳ ಮೇಜಿನ ಹತ್ತಿರ ಕುಳಿತು ಗಡಿಯಾರ ನೋಡಿರಿ. ನಮ್ಮ ದೇಶದಲ್ಲಿ ಈ ಆಟವು ಹರಡಿದ್ದು ಕಲಿತವರು ಇನ್ನೊಬ್ಬರಿಗೆ ಕಲಿಸಿದ್ದರಿಂದ. ೧೯೨೦ರಲ್ಲಿ ಎಚ್. ಸಿ. ಬಕ್ ಅವರು ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ಸ್ಥಾಪಿಸಿದ್ದೂ ಕಲಿಸುವವರನ್ನು ತಯಾರು ಮಾಡುವುದಕ್ಕಾಗಿಯೇ.

ತಾಯಿತಂದೆಗಳಲ್ಲಿಯೂ ಒಂದು ಮಾತು. ನಿಮ್ಮ ಮಗಳು ಎಸೆಯಲು ನಿಂತಾಗ ಸೀಟಿ ಕೇಳಿಸಿದರೆ, ತೀರ್ಪುಗಾರರನ್ನು ಬೈಯುವ ಮೊದಲು ಅವಳ ಕಾಲನ್ನೂ ನಿಮ್ಮ ಕೈಗಡಿಯಾರವನ್ನೂ ನೋಡಿರಿ. ಸೀಟಿ ಕೇಳಿಸಬೇಕಾದಲ್ಲಿ ಕೇಳಿಸದಿದ್ದರೆ, ಅದರಿಂದ ನಿಮ್ಮ ಮಗಳಿಗೆ ಲಾಭವಾದರೂ ಅದನ್ನು ಮೆಚ್ಚಬೇಡಿರಿ. ಸಂಜೆ ಮನೆಗೆ ಬಂದವಳನ್ನು "ಗೆದ್ದೆಯಾ?" ಎಂದು ಕೇಳುವುದರೊಡನೆ, "ಗೆರೆ ಕಾಯ್ದೆಯಾ?" ಎಂದೂ ಕೇಳಿರಿ. ಮುಂದೆ ಅವಳು ಪರೀಕ್ಷೆಯಲ್ಲಿ, ಉದ್ಯೋಗದಲ್ಲಿ, ಅತ್ತೆಯ ಮನೆಯಲ್ಲಿ "ಹೆಣ್ಣಲ್ಲವೇ, ಹೋಗಲಿ ಬಿಡು" ಎಂಬ ಮಾತನ್ನು ನಾನಾ ರೂಪಗಳಲ್ಲಿ ಕೇಳಬೇಕಾಗುತ್ತದೆ. ಆ ಮಾತು ಕೆಲವೊಮ್ಮೆ ಅವಳಿಗೆ ಅನುಕೂಲವಾಗಿ ಬರುತ್ತದೆ, ಹೆಚ್ಚಾಗಿ ಪ್ರತಿಕೂಲವಾಗಿ ಬರುತ್ತದೆ. ಅನುಕೂಲವಾದಾಗ ಅದನ್ನು 'ಬೇಡ' ಎನ್ನಲು ಕಲಿತವಳು, ಪ್ರತಿಕೂಲವಾದಾಗ ಧೈರ್ಯವಾಗಿ ಎದುರಿಸಬಲ್ಲಳು.

ಔರಾದದ ಆ ನಾಯಕಿಯು ಈಗ ಎಲ್ಲಿರುವಳೋ ನಾವರಿಯೆವು. ಅವಳು ಕೇಳಿದ್ದು ದಯೆಯನ್ನಲ್ಲ, ಕಪ್ಪನ್ನೂ ಅಲ್ಲ. ನಿಯಮವೇನೆಂಬುದನ್ನು ಇಬ್ಬರಿಗೂ ಒಂದೇ ಸಮನಾಗಿ ಹೇಳಿರಿ ಎಂದಷ್ಟೇ ಕೇಳಿದಳು. ಮುಂದಿನ ಸಲ ಬೀದರ, ಭಾಲ್ಕಿ, ಔರಾದಗಳಲ್ಲಿ ಎಲ್ಲಿಯಾದರೂ ಒಬ್ಬ ಬಾಲಿಕೆಯು ಚೆಂಡು ಹಿಡಿದು ಗೆರೆಯ ಹೊರಗೆ ನಿಂತಾಗ, ಅವಳ ಪಕ್ಕದಲ್ಲಿ ನಿಂತು ಐದರವರೆಗೆ ಸರಿಯಾಗಿ ಎಣಿಸುವವಳು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳಾಗಿರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.